ಮನೆ ಲ್ಯಾಬಿಗೆ ಯಾವ ವರ್ಚುಯಲ್ ರೌಟರ್? ವೈಓಎಸ್, ಮೈಕ್ರೋಟಿಕ್, ಸಿಸ್ಕೊ, ಜೂನಿಪರ್ ಮತ್ತು ನಿಮ್ಮ ರ್ಯಾಮ್

ಮನೆ ಲ್ಯಾಬಿಗೆ ಯಾವ ರೌಟರ್ ಇಮೇಜ್ (ಕಂಪ್ಯೂಟರ್ ಒಳಗೇ ರೌಟರ್ ಓಡಿಸುವ ಸಾಫ್ಟ್‌ವೇರ್ ಫೈಲ್) ಹಾಕಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಎರಡೇ ಪ್ರಶ್ನೆ ಕೇಳುತ್ತೇನೆ. ನಿಮ್ಮ ಮಷಿನ್‌ನಲ್ಲಿ ರ್ಯಾಮ್ ಎಷ್ಟಿದೆ? ಈ ರೌಟರ್ ಮೇಲೆ ಮನೆಯ ಇಂಟರ್ನೆಟ್ ಓಡಬೇಕಾ, ಇಲ್ಲಾ ಬರೀ ಕಲಿಯೋಕಾ? ಬ್ರ್ಯಾಂಡ್ ಹೆಸರು ಆಮೇಲಿನ ಮಾತು. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ಸಿಸ್ಕೊ ಅಂತ ಕೇಳಿರುತ್ತಾರೆ, ದೊಡ್ಡ ಇಮೇಜ್ ಒಂದನ್ನು ಎಲ್ಲಿಂದಲೋ ಇಳಿಸಿಕೊಳ್ಳುತ್ತಾರೆ, ಎರಡು ರೌಟರ್ ಆನ್ ಮಾಡುವಷ್ಟರಲ್ಲಿ ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ತಿರುಗೋಕೆ ಶುರು, ಮೂರನೆಯದು ಬೂಟ್ ಆಗುವುದೇ ಇಲ್ಲ. ಒಎಸ್‌ಪಿಎಫ್ (ಒಂದು ನೆಟ್‌ವರ್ಕ್ ಒಳಗಿನ ರೌಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳುವ ವಿಧಾನ) ಕಲಿಯೋಕೆ ಕಡೇಪಕ್ಷ ಮೂರು ರೌಟರ್ ಬೇಕು. ಬಿಜಿಪಿ (ಬೇರೆ ಬೇರೆ ನೆಟ್‌ವರ್ಕ್‌ಗಳ ನಡುವೆ ಅದೇ ಕೆಲಸ) ಸರಿಯಾಗಿ ತಲೆಗೆ ಹತ್ತಬೇಕೆಂದರೆ ನಾಲ್ಕೈದು ಇರಲೇಬೇಕು. ಒಂದೇ ಒಂದು ರೌಟರ್ ಓಡುವ ಲ್ಯಾಬಿನಲ್ಲಿ ಏನು ಕಲಿಯುತ್ತೀರಿ ಹೇಳಿ?

ಅವಸರ ಇರುವವರಿಗೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಯಾವ ಪರೀಕ್ಷೆಯ ಹಂಗೂ ಇಲ್ಲ, ರೌಟಿಂಗ್ ಅರ್ಥವಾದರೆ ಸಾಕು ಅನ್ನುವವರು ವೈಓಎಸ್ ತಗೊಳ್ಳಿ. 8 ಜಿಬಿ ಲ್ಯಾಪ್‌ಟಾಪ್ ಆದರೆ ಮೈಕ್ರೋಟಿಕ್ ಸಿಎಚ್‌ಆರ್. ಲಿನಕ್ಸ್ ಟರ್ಮಿನಲ್ ಅಂದರೆ ಭಯ ಇಲ್ಲದವರು ಎಫ್‌ಆರ್‌ಆರ್ ಅನ್ನುವ ರೌಟಿಂಗ್ ಸಾಫ್ಟ್‌ವೇರನ್ನು ಕಂಟೇನರ್‌ನಲ್ಲಿ (ಪ್ರೋಗ್ರಾಂ ಒಂದನ್ನು ಪ್ರತ್ಯೇಕವಾಗಿ ಓಡಿಸುವ ಹಗುರ ಪೆಟ್ಟಿಗೆ) ಓಡಿಸಿ. ಸಿಸಿಎನ್‌ಎ ಅಥವಾ ಅದರ ಮುಂದಿನ ಪರೀಕ್ಷೆ ಇದ್ದರೆ ಮಾತ್ರ ಸಿಸ್ಕೊ ಕಡೆ ಹೋಗಿ, ಅದಕ್ಕೂ ಈಗ ಕಾನೂನುಬದ್ಧವಾದ ಉಚಿತ ದಾರಿ ಇದೆ. ಯಾಕೆ ಹೀಗೆ ಅನ್ನುವುದು ಮುಂದೆ.

ಮೊದಲು ರ್ಯಾಮ್ ಲೆಕ್ಕ

16 ಜಿಬಿ ಲ್ಯಾಪ್‌ಟಾಪ್ ಅಂತ ಇಟ್ಟುಕೊಳ್ಳಿ. ವಿಂಡೋಸ್, ಬ್ರೌಸರ್, ಹತ್ತು ಟ್ಯಾಬ್ ಎಲ್ಲಾ ಸೇರಿ ಐದಾರು ಜಿಬಿ ತಿಂದು ಕೂತಿರುತ್ತದೆ. ಲ್ಯಾಬಿಗೆ ಉಳಿಯುವುದು ಸುಮಾರು 10 ಜಿಬಿ. ಸಿಸ್ಕೊದ ವರ್ಚುಯಲ್ ರೌಟರ್ ಸಿಎಸ್‌ಆರ್1000ವಿ ಒಂದಕ್ಕೆ 4 ಜಿಬಿ ಕೊಡಬೇಕು, ಅಂದರೆ ಎರಡು ಓಡಿಸಬಹುದು, ಮೂರನೆಯದಕ್ಕೆ ಜಾಗ ಇಲ್ಲ. ಅದರ ಉತ್ತರಾಧಿಕಾರಿ ಕ್ಯಾಟಲಿಸ್ಟ್ 8000ವಿ ಕಥೆಯೂ ಅದೇ. ಜೂನಿಪರ್‌ನ ವಿಜೂನೋಸ್ ಒಂದಕ್ಕೆ 5 ಜಿಬಿ, ಜೊತೆಗೆ ನಾಲ್ಕು ವಿಸಿಪಿಯು (ವರ್ಚುಯಲ್ ಸಿಪಿಯು). ವೈಓಎಸ್‌ಗೆ 1 ಜಿಬಿ ಕೊಟ್ಟರೆ ತಕರಾರಿಲ್ಲದೆ ಓಡುತ್ತದೆ, ಅದೇ ಜಾಗದಲ್ಲಿ ಎಂಟೊಂಬತ್ತು ಕೂರುತ್ತವೆ. ಸಿಎಚ್‌ಆರ್‌ಗೆ 256 ಎಂಬಿ ಸಾಕು, ಲೆಕ್ಕದ ಪ್ರಕಾರ ಮೂವತ್ತರ ಮೇಲೆ ಹಿಡಿಯುತ್ತವೆ, ಅಷ್ಟು ಯಾರಿಗೂ ಬೇಡ ಬಿಡಿ. ಎಫ್‌ಆರ್‌ಆರ್ ಕಂಟೇನರ್ ಆದರೆ ಒಂದೊಂದಕ್ಕೆ ಕೆಲವೇ ಹತ್ತು ಎಂಬಿ.

ಈ ಲೆಕ್ಕ ಒಂದು ಸಲ ಹಾಕಿಕೊಂಡರೆ ಅರ್ಧ ಆಯ್ಕೆ ತಾನಾಗೇ ಆಗಿಬಿಡುತ್ತದೆ. ಸಿಪಿಯು ಕಡೆಗೂ ಒಂದು ಕಣ್ಣಿರಲಿ. ಕೆಲವು ಭಾರಿ ಇಮೇಜ್‌ಗಳು, ಮುಖ್ಯವಾಗಿ ಜೂನಿಪರ್‌ನ ಹಳೆಯ ವಿಎಂಎಕ್ಸ್, ಪ್ಯಾಕೆಟ್ ಬಂತಾ ಬಂತಾ ಅಂತ ಸತತವಾಗಿ ನೋಡುತ್ತಾ ಇರುವ ರೀತಿ ಬರೆದವು. ಒಂದು ಪ್ಯಾಕೆಟ್ ಓಡದಿದ್ದರೂ ಸಿಪಿಯು ಕೋರ್ ಪೂರ್ತಿ ಶೇ. 100 ತೋರಿಸುತ್ತದೆ. ಡೇಟಾ ಸೆಂಟರ್‌ನಲ್ಲಿ ಅದು ವೇಗಕ್ಕೆ ಬೇಕಾದ ಗುಣ. ಬ್ಯಾಟರಿ ಮೇಲೆ ಓಡುವ ಲ್ಯಾಪ್‌ಟಾಪಿಗೆ ಅಲ್ಲ.

ವೈಓಎಸ್: ಹೆಚ್ಚಿನವರಿಗೆ ಇದೇ ಸರಿ

ಇದರ ಹಿಂದಿನ ಕಥೆ ಚಿಕ್ಕದು. ವ್ಯಾಟ್ಟಾ ಅಂತ ಒಂದು ಸಾಫ್ಟ್‌ವೇರ್ ರೌಟರ್ ಇತ್ತು. 2012ರಲ್ಲಿ ಅದನ್ನು ಬ್ರೊಕೇಡ್ ಕೊಂಡುಕೊಂಡಿತು, ಉಚಿತ ಆವೃತ್ತಿ ಅಲ್ಲಿಗೆ ನಿಂತಿತು. 2013ರಲ್ಲಿ ಅದೇ ಕೋಡ್ ಹಿಡಿದು ಬೇರೆಯವರು ವೈಓಎಸ್ ಶುರು ಮಾಡಿದರು. ಒಳಗಿರುವುದು ಡೆಬಿಯನ್ ಲಿನಕ್ಸ್. ಕಮಾಂಡ್ ಬರೆಯುವ ಶೈಲಿ ಜೂನಿಪರ್‌ಗೆ ಹತ್ತಿರ: ‘ಕಾನ್ಫಿಗರ್’ ಅಂತ ಒಳಗೆ ಹೋಗಿ, ‘ಸೆಟ್’ ಹಾಕುತ್ತಾ ಹೋಗಿ, ಕೊನೆಗೆ ‘ಕಮಿಟ್’, ಆಮೇಲೆ ‘ಸೇವ್’. ಕಮಿಟ್ ಮಾಡುವ ತನಕ ಏನೂ ಬದಲಾಗುವುದಿಲ್ಲ. ‘ಕಂಪೇರ್’ ಅಂತ ಹೊಡೆದರೆ ಏನು ಸೇರುತ್ತಿದೆ, ಏನು ಹೋಗುತ್ತಿದೆ ಅಂತ ಪ್ಲಸ್ ಮೈನಸ್ ಹಾಕಿ ತೋರಿಸುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ ಅಂತ ನನ್ನ ಅಭಿಪ್ರಾಯ.

ನನಗೆ ಇಷ್ಟವಾದ ವಿಷಯ ಇನ್ನೊಂದಿದೆ. ವೈಓಎಸ್ ಒಳಗೆ ರೌಟಿಂಗ್ ಕೆಲಸ ಮಾಡುವುದು ಎಫ್‌ಆರ್‌ಆರ್. ಹಾಗಾಗಿ ಲಾಗಿನ್ ಆದ ಮೇಲೆ ‘ವಿಟಿವೈಎಸ್‌ಎಚ್’ ಅಂತ ಕೊಟ್ಟರೆ ಸಿಸ್ಕೊ ತರಹದ ಪ್ರಾಂಪ್ಟ್ ಬಂದು ನಿಲ್ಲುತ್ತದೆ, ಅಲ್ಲಿ ‘ಶೋ ಐಪಿ ಒಎಸ್‌ಪಿಎಫ್ ನೇಬರ್’ ಹೊಡೆದರೆ ಸಿಸ್ಕೊ ಔಟ್‌ಪುಟ್‌ಗೆ ತುಂಬಾ ಹತ್ತಿರದ ಉತ್ತರ ಸಿಗುತ್ತದೆ. ಒಂದೇ ಇಮೇಜ್‌ನಲ್ಲಿ ಎರಡೂ ಶೈಲಿ ನೋಡಬಹುದು. ಅಲ್ಲಿ ನೋಡಿ ಅಷ್ಟೇ, ಕಾನ್ಫಿಗ್ ಬದಲಿಸಬೇಡಿ. ವೈಓಎಸ್‌ನ ಕಾನ್ಫಿಗ್ ಫೈಲಿಗೆ ಆ ಬದಲಾವಣೆ ಗೊತ್ತಾಗುವುದಿಲ್ಲ, ರೀಬೂಟ್ ಆದರೆ ಹೋಯಿತು.

ಇಳಿಸಿಕೊಳ್ಳುವ ವಿಷಯಕ್ಕೆ ಬಂದರೆ, ವರ್ಷಗಟ್ಟಲೆ ಬೆಂಬಲ ಸಿಗುವ ಎಲ್‌ಟಿಎಸ್ ಇಮೇಜ್‌ಗಳು ಚಂದಾದಾರರಿಗೆ. ದಿನಾ ಬಿಲ್ಡ್ ಆಗುವ ರೋಲಿಂಗ್ ಇಮೇಜ್ ಎಲ್ಲರಿಗೂ ಉಚಿತ. ಲ್ಯಾಬಿಗೆ ರೋಲಿಂಗ್ ಸಾಕು. ಯಾವುದೋ ಒಂದು ದಿನದ ಬಿಲ್ಡ್ ಸರಿಯಾಗಿ ಓಡಿತು ಅಂದರೆ ಆ ಐಎಸ್‌ಒ ಫೈಲನ್ನು ಜೋಪಾನವಾಗಿ ಇಟ್ಟುಕೊಳ್ಳಿ, ವಾರಕ್ಕೊಂದು ಹೊಸದು ಹಾಕುತ್ತಾ ಕೂರಬೇಡಿ. ಬೂಟ್ ಮಾಡಿ, ಹೆಸರು ಪಾಸ್‌ವರ್ಡ್ ಎರಡೂ ‘ವೈಓಎಸ್’ ಅಂತಲೇ ಸಣ್ಣ ಅಕ್ಷರದಲ್ಲಿ ಕೊಟ್ಟು ಒಳಗೆ ಹೋಗಿ, ‘ಇನ್‌ಸ್ಟಾಲ್ ಇಮೇಜ್’ ಹೊಡೆಯಿರಿ. ಈ ಹೆಜ್ಜೆ ಬಿಟ್ಟರೆ ನೀವು ಲೈವ್ ಸಿಡಿ ಮೇಲೇ ಕೆಲಸ ಮಾಡುತ್ತಿರುತ್ತೀರಿ, ಎಲ್ಲಾ ಚೆನ್ನಾಗೇ ನಡೆಯುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಏನೂ ಇಲ್ಲ.

ಕೊರತೆ ಇಲ್ಲವೇ ಅಂದರೆ ಇದೆ. ಮೌಸ್ ಹಿಡಿದು ಮಾಡುವ ಪರದೆ ಇಲ್ಲ, ಎಲ್ಲಾ ಟೈಪ್ ಮಾಡಬೇಕು. ಕೆಲಸದ ಇಂಟರ್‌ವ್ಯೂನಲ್ಲಿ ‘ವೈಓಎಸ್ ಗೊತ್ತು’ ಅಂದರೆ ಕಣ್ಣರಳಿಸುವವರು ಕಡಿಮೆ. ಒಎಸ್‌ಪಿಎಫ್ ಗೊತ್ತು ಅನ್ನುವುದು ಬೇರೆ ಮಾತು, ಅದು ಯಾವ ಇಮೇಜ್‌ನಲ್ಲಿ ಕಲಿತರೂ ಒಂದೇ.

ಮೈಕ್ರೋಟಿಕ್ ಸಿಎಚ್‌ಆರ್: ಚಿಕ್ಕ ಮಷಿನ್‌ನವರ ಗೆಳೆಯ

ಮೈಕ್ರೋಟಿಕ್ ಲಾಟ್ವಿಯಾ ದೇಶದ ಕಂಪನಿ. ಅವರ ಡಬ್ಬಿಗಳಲ್ಲಿ ಓಡುವ ರೌಟರ್‌ಓಎಸ್ ಅನ್ನೇ ವರ್ಚುಯಲ್ ಮಷಿನ್‌ಗೆಂದು (ಕಂಪ್ಯೂಟರ್ ಒಳಗಿನ ಕಂಪ್ಯೂಟರ್) ಕೊಟ್ಟಿರುವುದು ಸಿಎಚ್‌ಆರ್. ನಮ್ಮ ತಾಲೂಕು ಮಟ್ಟದ ಕೇಬಲ್ ಇಂಟರ್ನೆಟ್‌ನವರ ಹತ್ತಿರ, ಹೋಟೆಲು ಲಾಡ್ಜುಗಳ ವೈಫೈ ಹಿಂದೆ, ಈ ಡಬ್ಬಿ ಎಷ್ಟೋ ಕಡೆ ಸಿಗುತ್ತದೆ. ಅಂಥ ಕಡೆ ಕೆಲಸ ಮಾಡುವವರಿಗೆ ಸಿಎಚ್‌ಆರ್‌ನಲ್ಲಿ ಕಲಿತದ್ದು ಮರುದಿನವೇ ಉಪಯೋಗಕ್ಕೆ ಬರುತ್ತದೆ. ಪಿಪಿಪಿಒಇ (ಹೆಸರು ಪಾಸ್‌ವರ್ಡ್ ಕೊಟ್ಟು ಇಂಟರ್ನೆಟ್‌ಗೆ ಸೇರುವ ವಿಧಾನ) ಸರ್ವರ್, ಹಾಟ್‌ಸ್ಪಾಟ್ ಲಾಗಿನ್ ಪುಟ, ಒಬ್ಬೊಬ್ಬ ಗ್ರಾಹಕನಿಗೆ ಇಷ್ಟು ವೇಗ ಅಂತ ಕಟ್ಟುವುದು, ಇವೆಲ್ಲಾ ಇದರಲ್ಲಿ ಸಲೀಸು.

ಇಮೇಜ್ ಪುಟ್ಟದು, ಡಿಸ್ಕ್ 128 ಎಂಬಿ ಅಷ್ಟೇ. ವಿಎಂವೇರ್, ಹೈಪರ್-ವಿ, ವರ್ಚುಯಲ್‌ಬಾಕ್ಸ್, ಕ್ಯೂಇಎಂಯು ಎಲ್ಲಕ್ಕೂ ಬೇಕಾದ ರೂಪದಲ್ಲಿ ರೆಡಿ ಸಿಗುತ್ತದೆ, ಖಾತೆ ತೆರೆಯಬೇಕಾಗಿಲ್ಲ. ಹೆಸರು ‘ಅಡ್ಮಿನ್’, ಪಾಸ್‌ವರ್ಡ್ ಖಾಲಿ, ಒಳಗೆ ಹೋದ ಕೂಡಲೇ ಹೊಸದು ಕೇಳುತ್ತದೆ. ವಿನ್‌ಬಾಕ್ಸ್ ಅನ್ನುವ ಅವರ ಪ್ರೋಗ್ರಾಂ ಇದ್ದರೆ ಐಪಿ ವಿಳಾಸ ಕೊಡದೆಯೇ, ಮ್ಯಾಕ್ ವಿಳಾಸ ಹಿಡಿದು ಒಳಗೆ ಹೋಗಬಹುದು. ಫೈರ್‌ವಾಲ್ ರೂಲ್ ತಪ್ಪು ಹಾಕಿ ಬಾಗಿಲು ಮುಚ್ಚಿಕೊಂಡವರಿಗೆ ಅದರ ಬೆಲೆ ಗೊತ್ತಿರುತ್ತದೆ.

ಉಚಿತ ಲೈಸೆನ್ಸ್‌ಗೆ ಸಮಯದ ಮಿತಿ ಇಲ್ಲ, ಆದರೆ ಪ್ರತಿ ಇಂಟರ್‌ಫೇಸ್‌ನಿಂದ ಹೊರಹೋಗುವ ವೇಗ 1 ಎಂಬಿಪಿಎಸ್‌ಗೆ ಕಟ್ಟಿರುತ್ತದೆ. ಒಎಸ್‌ಪಿಎಫ್, ಬಿಜಿಪಿ ಮಾತುಕತೆಗೆ ಅಷ್ಟು ಧಾರಾಳ. ಪಿಂಗ್ ಹೋಗುತ್ತದೆ, ಟ್ರೇಸ್‌ರೂಟ್ ಹೋಗುತ್ತದೆ, ಲ್ಯಾಬಿಗೆ ಇನ್ನೇನು ಬೇಕು? ಮನೆಯ ಇಂಟರ್ನೆಟ್ ಇದರ ಮೇಲೆ ಓಡಿಸುವ ಆಸೆ ಇದ್ದರೆ 45 ಡಾಲರ್ ಕೊಟ್ಟು ಪಿ1 ಲೈಸೆನ್ಸ್ ಕೊಳ್ಳಬೇಕು, ಅದು 1 ಜಿಬಿಪಿಎಸ್ ತನಕ, ಒಂದೇ ಸಲದ ಖರ್ಚು.

ಕಲಿಯುವವರಿಗೆ ಒಂದು ಎಚ್ಚರಿಕೆ. ರೌಟರ್‌ಓಎಸ್ 7ನೇ ಆವೃತ್ತಿಯಲ್ಲಿ ರೌಟಿಂಗ್ ಭಾಗವನ್ನು ಹೊಸದಾಗಿ ಬರೆದರು, 7.1 ಬಂದಿದ್ದು 2021ರ ಡಿಸೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ವಿಡಿಯೋ ಹಾಕಿಕೊಂಡು ಕೂತರೆ ‘ರೌಟಿಂಗ್ ಬಿಜಿಪಿ ಪಿಯರ್’ ಅನ್ನುವ ಮೆನು ಹುಡುಕುತ್ತೀರಿ, ಅದು ಇರುವುದೇ ಇಲ್ಲ. ಈಗ ಅದರ ಜಾಗದಲ್ಲಿ ‘ಕನೆಕ್ಷನ್’ ಇದೆ. ಒಎಸ್‌ಪಿಎಫ್‌ನಲ್ಲಿ ‘ನೆಟ್‌ವರ್ಕ್’ ಹೋಗಿ ‘ಇಂಟರ್‌ಫೇಸ್ ಟೆಂಪ್ಲೇಟ್’ ಬಂದಿದೆ. ವಿಡಿಯೋ ಯಾವ ವರ್ಷದ್ದು ಅಂತ ನೋಡಿಕೊಂಡೇ ಶುರು ಮಾಡಿ.

ಸಿಸ್ಕೊ ಬೇಕೇಬೇಕು ಅನ್ನುವವರಿಗೆ

ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಹುಡುಕುವವರಿಗೆ ಸಿಸ್ಕೊ ಕಮಾಂಡ್ ಬಾಯಿಗೆ ಬರಬೇಕು, ಅದರಲ್ಲಿ ವಾದ ಇಲ್ಲ. ಆದರೆ ಸಿಸಿಎನ್‌ಎಗೆ ಮಾತ್ರ ಓದುತ್ತಿದ್ದೀರಾ? ಹಾಗಾದರೆ ಪ್ಯಾಕೆಟ್ ಟ್ರೇಸರ್ ಸಾಕು, ಇಮೇಜ್ ತಂಟೆಗೇ ಹೋಗಬೇಡಿ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಪುಕ್ಕಟೆ ಸಿಗುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದು ನಿಜವಾದ ಐಓಎಸ್ (ಸಿಸ್ಕೊ ರೌಟರ್‌ಗಳ ಆಪರೇಟಿಂಗ್ ಸಿಸ್ಟಮ್) ಅಲ್ಲ, ಅನುಕರಣೆ. ಕೆಲವು ಕಮಾಂಡ್ ಇರುವುದಿಲ್ಲ. ಸಿಸಿಎನ್‌ಎ ಮಟ್ಟಕ್ಕೆ ಆ ಕೊರತೆ ಗೊತ್ತೂ ಆಗುವುದಿಲ್ಲ.

ಅದರ ಮುಂದಕ್ಕೆ ಹೋಗುವವರಿಗೆ ನಿಜವಾದ ಐಓಎಸ್ ಬೇಕು. ಇಲ್ಲಿ ಜನ ದಾರಿ ತಪ್ಪುತ್ತಾರೆ. ಟೆಲಿಗ್ರಾಂನಲ್ಲಿ, ಗೂಗಲ್ ಡ್ರೈವ್ ಲಿಂಕ್‌ನಲ್ಲಿ ಇಮೇಜ್ ರಾಶಿ ರಾಶಿ ಬಿದ್ದಿರುತ್ತದೆ. ತಗೊಳ್ಳಬೇಡಿ. ಕಾನೂನಿನ ಮಾತು ಒಂದು ಕಡೆ ಇರಲಿ, ಯಾರೋ ತೆರೆದು ಮತ್ತೆ ಮುಚ್ಚಿದ ಡಿಸ್ಕ್ ಅದು, ಒಳಗೆ ಏನು ಸೇರಿಸಿದ್ದಾರೋ ಯಾರಿಗೆ ಗೊತ್ತು? ಅದನ್ನು ಮನೆಯ ನೆಟ್‌ವರ್ಕಿಗೆ ಜೋಡಿಸುವುದು ಯಾಕೆ? ಸಿಸ್ಕೊದವರೇ ಈಗ ಸಿಎಂಎಲ್ ಅನ್ನುವ ತಮ್ಮ ಲ್ಯಾಬ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಕೊಡುತ್ತಾರೆ, 2.8ರಿಂದ ಬಂದಿದೆ. ಒಂದು ಸಲಕ್ಕೆ 5 ನೋಡ್ (ರೌಟರ್, ಸ್ವಿಚ್ ತರಹದ ಸಾಧನ) ಓಡಿಸಬಹುದು. ಐದೇನಾ ಅಂತ ಮೂಗು ಮುರಿಯಬೇಡಿ. ಸುಮ್ನೆ ತಂತಿ ಜೋಡಿಸುವ ಅನ್‌ಮ್ಯಾನೇಜ್ಡ್ ಸ್ವಿಚ್ ಆ ಲೆಕ್ಕಕ್ಕೆ ಬರುವುದಿಲ್ಲ, ಹೊರಗಿನ ನೆಟ್‌ವರ್ಕಿಗೆ ಜೋಡಿಸುವ ಕನೆಕ್ಟರ್ ಕೂಡ ಬರುವುದಿಲ್ಲ. ಹಾಗಾಗಿ ಐದಕ್ಕೆ ಐದೂ ರೌಟರ್ ಇಡಬಹುದು. ಸಾಲದಿದ್ದರೆ ಪರ್ಸನಲ್ ಆವೃತ್ತಿ 20 ನೋಡ್‌ಗೆ, ವರ್ಷಕ್ಕೆ 199 ಡಾಲರ್. ಪರೀಕ್ಷೆ ಕಟ್ಟುವ ಮೂರು ತಿಂಗಳಿಗೆ ಮಾತ್ರ ಬೇಕು ಅನ್ನುವವರಿಗೆ ಅದು ದುಬಾರಿಯೇ.

ಸಿಎಂಎಲ್ ಜೊತೆ ಬರುವ ಇಮೇಜ್‌ಗಳಲ್ಲಿ ಐಓಎಲ್ ಅನ್ನುವುದನ್ನು ಆರಿಸಿ. ಅದು ಐಓಎಸ್ ಅನ್ನು ಲಿನಕ್ಸ್‌ನ ಒಂದು ಪ್ರೋಗ್ರಾಂ ತರಹ ಓಡಿಸುತ್ತದೆ, ಇಡೀ ವರ್ಚುಯಲ್ ಮಷಿನ್ ಬೇಕಾಗಿಲ್ಲ, ಕ್ಷಣದಲ್ಲಿ ಎದ್ದು ನಿಲ್ಲುತ್ತದೆ. ಆದರೆ ಸಿಎಂಎಲ್ ತಾನೇ ಒಂದು ದೊಡ್ಡ ವರ್ಚುಯಲ್ ಮಷಿನ್, ಅದಕ್ಕೆ ಕಡೇಪಕ್ಷ 8 ಜಿಬಿ ರ್ಯಾಮ್ ಮತ್ತು 4 ಕೋರ್ ಕೊಡಬೇಕು. ವಿಎಂವೇರ್ ಬೇಕು, ವರ್ಚುಯಲ್‌ಬಾಕ್ಸ್ ಮೇಲೆ ನಡೆಯುವುದಿಲ್ಲ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರಿಂದ ಪುಕ್ಕಟೆ ಆಗಿದೆ, ಆ ಚಿಂತೆ ಬೇಡ. 8 ಜಿಬಿ ಲ್ಯಾಪ್‌ಟಾಪ್ ಇರುವವರು ಸಿಎಂಎಲ್ ಆಸೆ ಬಿಟ್ಟುಬಿಡಿ.

ಕಂಪನಿಯ ಕಾಂಟ್ರಾಕ್ಟ್ ಮೂಲಕ ಸಿಎಸ್‌ಆರ್1000ವಿ ಸಿಕ್ಕವರಿಗೆ ಎರಡು ಮಾತು. ಲೈಸೆನ್ಸ್ ಇಲ್ಲದಿದ್ದರೆ ಅದರ ವೇಗ 100 ಕೆಬಿಪಿಎಸ್‌ಗೆ ಇಳಿಯುತ್ತದೆ, ಡಯಲ್-ಅಪ್ ಕಾಲದ ನೆನಪಾಗುವಷ್ಟು. ಫೈಲ್ ಕಳಿಸಿ ನೋಡಿ ‘ಏನೋ ಕಾನ್ಫಿಗ್ ತಪ್ಪಾಗಿದೆ’ ಅಂತ ತಲೆ ಕೆಡಿಸಿಕೊಳ್ಳಬೇಡಿ, ‘ಶೋ ಪ್ಲಾಟ್‌ಫಾರ್ಮ್ ಹಾರ್ಡ್‌ವೇರ್ ಥ್ರೂಪುಟ್ ಲೆವೆಲ್’ ಹೊಡೆದರೆ ಬಣ್ಣ ಬಯಲಾಗುತ್ತದೆ. ಎರಡನೆಯದು, ಬೂಟ್ ಶುರುವಾಗುತ್ತದೆ, ಮೊದಲ ನಾಲ್ಕು ಸಾಲು ಬರುತ್ತದೆ, ಆಮೇಲೆ ಕನ್ಸೋಲ್ ಸತ್ತುಹೋದ ಹಾಗೆ ಖಾಲಿ. ರೌಟರ್ ಕೆಟ್ಟಿಲ್ಲ. ಅದು ವಿಜಿಎ ಪರದೆಗೆ ಮಾತಾಡುತ್ತಿದೆ, ನೀವು ಸೀರಿಯಲ್ ಪೋರ್ಟ್ ನೋಡುತ್ತಿದ್ದೀರಿ. ಬೂಟ್ ಮೆನುವಿನಲ್ಲಿ ಸೀರಿಯಲ್ ಕನ್ಸೋಲ್ ಆರಿಸಿ, ಒಳಗೆ ಹೋದ ಮೇಲೆ ‘ಪ್ಲಾಟ್‌ಫಾರ್ಮ್ ಕನ್ಸೋಲ್ ಸೀರಿಯಲ್’ ಕೊಟ್ಟು ‘ರೈಟ್’ (ಸೇವ್) ಮಾಡಿ. ವೈಓಎಸ್ ಕೂಡ ಬೂಟ್ ಮೆನುವಿನಲ್ಲಿ ಇದೇ ಎರಡು ದಾರಿ ಇಟ್ಟಿದೆ. ಜಿಎನ್‌ಎಸ್3 (ರೌಟರ್ ಇಮೇಜ್‌ಗಳನ್ನು ಜೋಡಿಸಿ ಲ್ಯಾಬ್ ಕಟ್ಟುವ ಸಾಫ್ಟ್‌ವೇರ್) ಒಳಗಾದರೆ ಸೀರಿಯಲ್ ಆರಿಸಿಕೊಳ್ಳಿ.

ಹಳೆಯ ಡೈನಮಿಪ್ಸ್ ಎಮ್ಯುಲೇಟರ್‌ನಲ್ಲಿ ಸಿಸ್ಕೊ 7200 ರೌಟರ್ ಓಡಿಸುವವರು ಈಗಲೂ ಇದ್ದಾರೆ. ಐಡಲ್-ಪಿಸಿ ಮೌಲ್ಯ (ಕೆಲಸ ಇಲ್ಲದಾಗ ಸಿಪಿಯು ಬಿಟ್ಟುಕೊಡುವ ಸೆಟ್ಟಿಂಗ್) ಹುಡುಕಿ ಹಾಕದಿದ್ದರೆ ಒಂದೊಂದು ರೌಟರ್ ಒಂದೊಂದು ಕೋರ್ ನುಂಗುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಅದು ಬೇಡ.

ಜೂನಿಪರ್

ಮೊದಲು ವಿಎಂಎಕ್ಸ್ ಅಂತಿತ್ತು, ಒಂದು ರೌಟರ್‌ಗೆ ಎರಡು ವರ್ಚುಯಲ್ ಮಷಿನ್. 2023ರಲ್ಲಿ ವಿಜೂನೋಸ್ ರೌಟರ್ ಮತ್ತು ವಿಜೂನೋಸ್ ಸ್ವಿಚ್ ಬಂತು, ಒಂದೇ ಇಮೇಜ್, ಲ್ಯಾಬಿಗೆ ಉಚಿತ, ಕಾಂಟ್ರಾಕ್ಟ್ ಬೇಡ. ಜೂನೋಸ್ (ಜೂನಿಪರ್‌ನ ಆಪರೇಟಿಂಗ್ ಸಿಸ್ಟಮ್) ಕಮಾಂಡ್ ಸಾಲು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಅಚ್ಚುಕಟ್ಟು. ‘ಕಮಿಟ್ ಕನ್‌ಫರ್ಮ್ಡ್ 5’ ಅಂತ ಕೊಟ್ಟರೆ ಐದು ನಿಮಿಷದೊಳಗೆ ಮತ್ತೆ ಕಮಿಟ್ ಮಾಡದಿದ್ದರೆ ಹಳೆಯ ಕಾನ್ಫಿಗ್‌ಗೆ ತಾನೇ ವಾಪಸ್ ಹೋಗುತ್ತದೆ. ಹಿಂದಿನ 49 ಕಾನ್ಫಿಗ್ ತನಕ ‘ರೋಲ್‌ಬ್ಯಾಕ್’ ಮಾಡಬಹುದು.

ಕಷ್ಟ ಇರುವುದು ಓಡಿಸುವುದರಲ್ಲಿ. ವಿಜೂನೋಸ್ ತನ್ನೊಳಗೇ ಇನ್ನೊಂದು ವರ್ಚುಯಲ್ ಮಷಿನ್ ಓಡಿಸುತ್ತದೆ. ಅಂದರೆ ವಿಂಡೋಸ್ ಮೇಲೆ ವಿಎಂವೇರ್, ಅದರೊಳಗೆ ಜಿಎನ್‌ಎಸ್3 ತರಹದ್ದೇ ಆದ ಈವ್-ಎನ್‌ಜಿ, ಅದರೊಳಗೆ ವಿಜೂನೋಸ್, ಅದರೊಳಗೆ ಮತ್ತೊಂದು. ಬಾಡಿಗೆ ಮನೆಯ ಒಂದು ರೂಮನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಟ್ಟು, ಅವರು ಅದರಲ್ಲಿ ಮತ್ತೊಬ್ಬರನ್ನು ಇಟ್ಟುಕೊಂಡ ಹಾಗೆ, ಪ್ರತಿ ಹಂತದ ಮಾಲೀಕನೂ ಒಪ್ಪಬೇಕು. ಲ್ಯಾಪ್‌ಟಾಪಿನಲ್ಲಿ ಇದು ನರಳುತ್ತದೆ. ಲಿನಕ್ಸ್ ನೇರವಾಗಿ ಹಾಕಿರುವ, ಇಂಟೆಲ್ ಸಿಪಿಯು ಇರುವ, 32 ಜಿಬಿ ರ್ಯಾಮ್‌ನ ಡೆಸ್ಕ್‌ಟಾಪ್ ಇದ್ದರೆ ಮಾತ್ರ ಕೈ ಹಾಕಿ. ಇನ್ನೊಂದು, ಲಾಗಿನ್ ಪ್ರಾಂಪ್ಟ್ ಬಂದ ಕೂಡಲೇ ‘ಜಿಇ-0/0/0’ ಇಂಟರ್‌ಫೇಸ್ ಕಾಣುತ್ತಿಲ್ಲ ಅಂತ ಗಾಬರಿ ಬೀಳಬೇಡಿ. ‘ಶೋ ಚಾಸಿಸ್ ಎಫ್‌ಪಿಸಿ’ ನೋಡಿ, ಆನ್‌ಲೈನ್ ಅಂತ ಬರುವ ತನಕ ಕಾಫಿ ಕುಡಿಯಿರಿ.

ಜೂನೋಸ್ ಶೈಲಿ ಸಾಕು, ಜೂನಿಪರ್ ಪರೀಕ್ಷೆ ಇಲ್ಲ ಅನ್ನುವವರಿಗೆ ವೈಓಎಸ್ ಆ ಕೆಲಸವನ್ನು ಐದನೇ ಒಂದು ಭಾಗ ರ್ಯಾಮ್‌ನಲ್ಲಿ ಮಾಡುತ್ತದೆ.

ಕಂಟೇನರ್ ದಾರಿ

ಎಫ್‌ಆರ್‌ಆರ್ ಅನ್ನುವುದು ಕ್ವಾಗಾ ಅನ್ನುವ ಹಳೆಯ ರೌಟಿಂಗ್ ಸಾಫ್ಟ್‌ವೇರ್‌ನಿಂದ ಕವಲೊಡೆದ ಯೋಜನೆ, ಪೂರ್ತಿ ಮುಕ್ತ. ಉಬುಂಟುವಿನಲ್ಲಿ ಪ್ಯಾಕೇಜ್ ಹಾಕಿದರೂ ಆಯಿತು, ಕಂಟೇನರ್ ಆದರೂ ಆಯಿತು. ಹಾಕಿದ ತಕ್ಷಣ ಬಿಜಿಪಿ ಓಡುವುದಿಲ್ಲ. ‘ಡೀಮನ್ಸ್’ ಅನ್ನುವ ಫೈಲ್‌ನಲ್ಲಿ ಬಿಜಿಪಿಡಿ ಎದುರು ‘ನೋ’ ಅಂತ ಇರುತ್ತದೆ, ಅದನ್ನು ‘ಯೆಸ್’ ಮಾಡಿ ರೀಸ್ಟಾರ್ಟ್ ಮಾಡಬೇಕು. ಒಎಸ್‌ಪಿಎಫ್‌ಗೂ ಅದೇ.

ಹಲವು ರೌಟರ್ ಜೋಡಿಸೋಕೆ ಕಂಟೇನರ್‌ಲ್ಯಾಬ್ ಇದೆ. ಯಾವ ರೌಟರ್, ಯಾವ ತಂತಿ ಎಲ್ಲಿಂದ ಎಲ್ಲಿಗೆ ಅಂತ ಒಂದು ಯಾಮೆಲ್ ಫೈಲ್‌ನಲ್ಲಿ ಬರೆದು ಒಂದು ಕಮಾಂಡ್ ಕೊಟ್ಟರೆ ಇಡೀ ಲ್ಯಾಬ್ ಎದ್ದು ನಿಲ್ಲುತ್ತದೆ. ಎಳೆದು ಬಿಡುವ ಚಿತ್ರ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ, ನನಗೆ ಆ ಫೈಲನ್ನು ಗಿಟ್‌ನಲ್ಲಿ ಇಟ್ಟುಕೊಳ್ಳಬಹುದು ಅನ್ನುವುದೇ ದೊಡ್ಡ ಲಾಭ. ಇದರ ಜೊತೆ ನೋಕಿಯಾದ ಎಸ್‌ಆರ್ ಲಿನಕ್ಸ್ ಕೂಡ ಯಾವ ಖಾತೆಯೂ ಇಲ್ಲದೆ ಸಿಗುತ್ತದೆ. ಅರಿಸ್ಟಾದ ಸಿಇಓಎಸ್ ಬೇಕಾದರೆ ಅವರಲ್ಲಿ ಹೆಸರು ನೋಂದಾಯಿಸಬೇಕು, ದುಡ್ಡಿಲ್ಲ. ಎಂ ಸರಣಿಯ ಮ್ಯಾಕ್‌ಬುಕ್ ಇರುವವರಿಗಂತೂ ಇದೇ ದಾರಿ. ಸಿಸ್ಕೊ, ಜೂನಿಪರ್‌ನ ಎಕ್ಸ್86 (ಇಂಟೆಲ್ ತರಹದ ಸಿಪಿಯುಗೆ ಬರೆದ) ಇಮೇಜ್‌ಗಳು ಅದರ ಮೇಲೆ ಓಡಿದರೂ ತೆವಳುತ್ತವೆ.

ಕಂಟೇನರ್‌ಲ್ಯಾಬ್‌ನಲ್ಲಿ ಎಫ್‌ಆರ್‌ಆರ್ ಒಂದು ಕಡೆ, ವೈಓಎಸ್ ತರಹದ ವರ್ಚುಯಲ್ ಮಷಿನ್ ಇನ್ನೊಂದು ಕಡೆ ಇಟ್ಟು ಒಎಸ್‌ಪಿಎಫ್ ಹಾಕಿದರೆ ಒಂದು ವಿಚಿತ್ರ ಕಾಣಬಹುದು. ಪಿಂಗ್ ಹೋಗುತ್ತದೆ, ನೇಬರ್ ಕಾಣುತ್ತದೆ, ಆದರೆ ಸ್ಥಿತಿ ‘ಎಕ್ಸ್‌ಸ್ಟಾರ್ಟ್’ನಲ್ಲೇ ನಿಂತಿರುತ್ತದೆ, ‘ಫುಲ್’ ಆಗುವುದಿಲ್ಲ. ಕಾರಣ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ. ಕಂಟೇನರ್‌ಲ್ಯಾಬ್ ತನ್ನ ತಂತಿಗಳಿಗೆ 9500 ಅಂತ ಇಟ್ಟಿರುತ್ತದೆ, ಎದುರಿನ ರೌಟರ್ 1500 ಅನ್ನುತ್ತದೆ, ಒಎಸ್‌ಪಿಎಫ್ ಈ ಎರಡು ಸಂಖ್ಯೆ ಹೋಲಿಸಿ ನೋಡಿ ಮುಂದೆ ಹೋಗಲು ಒಪ್ಪುವುದಿಲ್ಲ. ಯಾಮೆಲ್‌ನಲ್ಲಿ ಆ ತಂತಿಗೆ 1500 ಬರೆದರೆ ಸರಿಹೋಗುತ್ತದೆ. ‘ಐಪಿ ಒಎಸ್‌ಪಿಎಫ್ ಎಂಟಿಯು-ಇಗ್ನೋರ್’ ಅಂತ ಹಾಕಿಯೂ ದಾಟಬಹುದು, ಅದು ರೋಗ ಮುಚ್ಚಿಡುವ ಕೆಲಸ.

ಯಾವ ಇಮೇಜ್ ಆದರೂ ಕಾಡುವ ಸಂಗತಿಗಳು

ಜಿಎನ್‌ಎಸ್3, ಈವ್-ಎನ್‌ಜಿ ಎರಡರಲ್ಲಿ ಯಾವುದು ಅನ್ನುವ ಜಗಳಕ್ಕೆ ನಾನು ಇಳಿಯುವುದಿಲ್ಲ. ಲ್ಯಾಪ್‌ಟಾಪಿಗೆ ಜಿಎನ್‌ಎಸ್3 ಸುಲಭ, ವೈಓಎಸ್‌ಗೂ ಸಿಎಚ್‌ಆರ್‌ಗೂ ರೆಡಿ ಟೆಂಪ್ಲೇಟ್ ಇದೆ. ಪ್ರತ್ಯೇಕ ಮಷಿನ್ ಇದ್ದರೆ ಈವ್-ಎನ್‌ಜಿ ಹಾಕಿ ಬ್ರೌಸರ್‌ನಲ್ಲಿ ತೆರೆಯಿರಿ. ಈವ್‌ನಲ್ಲಿ ಫೋಲ್ಡರ್ ಹೆಸರು ಅವರು ಹೇಳಿದ ಮಾದರಿಯಲ್ಲೇ ಇರಬೇಕು, ಡಿಸ್ಕ್ ಫೈಲ್ ಹೆಸರೂ ಅಷ್ಟೇ, ಒಂದು ಅಕ್ಷರ ತಪ್ಪಿದರೂ ಪಟ್ಟಿಯಲ್ಲಿ ಆ ರೌಟರ್ ಮಸುಕಾಗಿ ಕೂತಿರುತ್ತದೆ. ಫೈಲ್ ಹಾಕಿದ ಮೇಲೆ ‘ಫಿಕ್ಸ್ ಪರ್ಮಿಷನ್ಸ್’ ಓಡಿಸುವುದನ್ನು ಮರೆಯಬೇಡಿ.

ವಿಂಡೋಸ್ 11ರವರಿಗೆ ಸಿಗುವ ಸಾಮಾನ್ಯ ತಡೆ ಎಂದರೆ, ವಿಎಂವೇರ್ ‘ವರ್ಚುಯಲೈಸ್ಡ್ ವಿಟಿ-ಎಕ್ಸ್ ಈ ಪ್ಲಾಟ್‌ಫಾರ್ಮ್‌ನಲ್ಲಿ ಇಲ್ಲ’ ಅಂತ ಹಟ ಹಿಡಿಯುವುದು. ಬಯೋಸ್‌ನಲ್ಲಿ ಆನ್ ಮಾಡಿರುತ್ತೀರಿ, ಟಾಸ್ಕ್ ಮ್ಯಾನೇಜರ್ ಕೂಡ ‘ಎನೇಬಲ್ಡ್’ ಅನ್ನುತ್ತದೆ, ಆದರೂ ಇದೇ ರಾಗ. ವಿಟಿ-ಎಕ್ಸ್ ಅಂದರೆ ವರ್ಚುಯಲ್ ಮಷಿನ್ ಓಡಿಸೋಕೆ ಸಿಪಿಯುನಲ್ಲೇ ಇರುವ ಸೌಲಭ್ಯ, ವಿಂಡೋಸ್ ತನ್ನ ಭದ್ರತೆಗೆ ಅಂತ ಅದನ್ನು ಮೊದಲೇ ಹಿಡಿದುಕೊಂಡಿರುತ್ತದೆ. ಕೋರ್ ಐಸೊಲೇಷನ್ ಒಳಗಿನ ಮೆಮೊರಿ ಇಂಟಿಗ್ರಿಟಿ, ಹೈಪರ್-ವಿ, ಎರಡನ್ನೂ ಆಫ್ ಮಾಡಿ ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ದಾರಿ ಬಿಡುತ್ತದೆ. ಆಫೀಸ್ ಲ್ಯಾಪ್‌ಟಾಪ್ ಆದರೆ ಅದನ್ನು ಮುಟ್ಟಬೇಡಿ, ನಿಮ್ಮ ಐಟಿಯವರು ಬಿಡುವುದೂ ಇಲ್ಲ. ಅಂಥವರಿಗೆ ಕೈಗೆ ಬಂದ ಹಳೆಯ ಡೆಸ್ಕ್‌ಟಾಪಿನಲ್ಲಿ ಪ್ರಾಕ್ಸ್‌ಮಾಕ್ಸ್ (ವರ್ಚುಯಲ್ ಮಷಿನ್ ಓಡಿಸಲೆಂದೇ ಇರುವ ಲಿನಕ್ಸ್ ವ್ಯವಸ್ಥೆ) ಹಾಕುವುದೇ ನೆಮ್ಮದಿ.

ಪ್ರಾಕ್ಸ್‌ಮಾಕ್ಸ್‌ನಲ್ಲೂ ಒಂದು ಗುಟ್ಟಿದೆ. ಎರಡು ರೌಟರ್ ನಡುವೆ ಎಲ್‌ಎಲ್‌ಡಿಪಿ (ಪಕ್ಕದ ಸಾಧನ ಯಾವುದು ಅಂತ ತಿಳಿಸುವುದು) ಹಾಕಿದರೆ ನೇಬರ್ ಕಾಣುವುದಿಲ್ಲ, ಎಲ್‌ಎಸಿಪಿ (ಹಲವು ಲಿಂಕ್ ಒಂದಾಗಿಸುವುದು) ಹಾಕಿದರೆ ಲಿಂಕ್ ಒಟ್ಟುಗೂಡುವುದಿಲ್ಲ. ಇಮೇಜ್ ಬೈಯುವ ಮೊದಲು ಗೊತ್ತಿರಲಿ, ಅದರೊಳಗಿನ ಲಿನಕ್ಸ್ ಬ್ರಿಡ್ಜ್ (ವರ್ಚುಯಲ್ ಸ್ವಿಚ್) ಆ ಫ್ರೇಮ್‌ಗಳನ್ನು ದಾಟಿಸುವುದೇ ಇಲ್ಲ, ನಿಯಮವೇ ಹಾಗಿದೆ. ಕಂಟೇನರ್‌ಲ್ಯಾಬ್‌ನಲ್ಲಿ ಎರಡು ತುದಿ ನೇರ ಜೋಡಿಸುವುದರಿಂದ ಈ ತಾಪತ್ರಯ ಇಲ್ಲ.

ಒಂದು ವೈಓಎಸ್ ಚೆನ್ನಾಗಿ ಸಿದ್ಧ ಮಾಡಿ ನಾಲ್ಕು ಕ್ಲೋನ್ ತೆಗೆಯುತ್ತೀರಿ ಅನ್ನಿ. ಕ್ಲೋನ್‌ನಲ್ಲಿ ಈಥ್0 ಮಾಯವಾಗಿ, ಇರುವ ಕಾರ್ಡ್ ಈಥ್2 ಅಂತ ಕಾಣಬಹುದು. ವೈಓಎಸ್ ತನ್ನ ಕಾನ್ಫಿಗ್‌ನಲ್ಲಿ ‘ಎಚ್‌ಡಬ್ಲ್ಯೂ-ಐಡಿ’ ಅಂತ ಹಳೆಯ ಮ್ಯಾಕ್ ವಿಳಾಸ ಬರೆದಿಟ್ಟುಕೊಂಡಿರುತ್ತದೆ, ಹೊಸ ಮ್ಯಾಕ್ ನೋಡಿ ಇದು ಬೇರೆ ಕಾರ್ಡ್ ಅಂದುಕೊಳ್ಳುತ್ತದೆ. ಕ್ಲೋನ್ ತೆಗೆಯುವ ಮುಂಚೆ ಆ ಸಾಲುಗಳನ್ನು ಡಿಲೀಟ್ ಮಾಡಿ ಸೇವ್ ಮಾಡಿಬಿಡಿ.

ಕರೆಂಟ್ ಹೋಗುವ ಊರಿನವರಿಗೆ ಇನ್ನೊಂದು ಹೋಲಿಕೆ ಮುಖ್ಯ. ಮೈಕ್ರೋಟಿಕ್‌ನಲ್ಲಿ ಎಂಟರ್ ಒತ್ತಿದ್ದು ಆಗಲೇ ಉಳಿಯುತ್ತದೆ, ಬೇರೆ ಸೇವ್ ಇಲ್ಲ. ಜೂನೋಸ್‌ನಲ್ಲಿ ಕಮಿಟ್ ಆದರೆ ಉಳಿಯಿತು. ಸಿಸ್ಕೊದಲ್ಲಿ ‘ರೈಟ್’, ವೈಓಎಸ್‌ನಲ್ಲಿ ಕಮಿಟ್ ಆದ ಮೇಲೂ ‘ಸೇವ್’ ಬೇಕು. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದವರು ಇದನ್ನು ಕೈಗೆ ರೂಢಿ ಮಾಡಿಕೊಳ್ಳಿ.

ಮನೆಯ ಇಂಟರ್ನೆಟ್ ಇದರ ಮೇಲೆ ಓಡಬೇಕಾ?

ಹಾಗಿದ್ದರೆ ಲ್ಯಾಬ್ ಮಷಿನ್ ಬೇರೆ, ಇದು ಬೇರೆ ಇರಲಿ. ನೀವು ಪ್ರಯೋಗಕ್ಕೆ ರೀಬೂಟ್ ಮಾಡಿದಾಗಲೆಲ್ಲ ಮನೆಯವರ ಧಾರಾವಾಹಿ ನಿಂತರೆ ಲ್ಯಾಬ್ ಬಹಳ ದಿನ ಬಾಳುವುದಿಲ್ಲ. ಎರಡು ನೆಟ್‌ವರ್ಕ್ ಪೋರ್ಟ್ ಇರುವ ಚಿಕ್ಕ ಪಿಸಿ ತಗೊಂಡು ಓಪಿಎನ್‌ಸೆನ್ಸ್ (ಉಚಿತ ಫೈರ್‌ವಾಲ್-ರೌಟರ್ ಸಾಫ್ಟ್‌ವೇರ್) ಹಾಕಿ. ಅದಕ್ಕೆ ಬ್ರೌಸರ್‌ನಲ್ಲಿ ಎಲ್ಲಾ ಕಾಣುತ್ತದೆ, ನೀವು ಊರಲ್ಲಿ ಇಲ್ಲದಾಗ ತಮ್ಮನಿಗೋ ತಂಗಿಗೋ ಫೋನಿನಲ್ಲಿ ಹೇಳಿಕೊಡಬಹುದು. ವೈಓಎಸ್ ಕೂಡ ಆಗುತ್ತದೆ, ಆದರೆ ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟಲು ಒಪ್ಪುವುದಿಲ್ಲ. ಉಚಿತ ಸಿಎಚ್‌ಆರ್ ಇಲ್ಲಿ ಲೆಕ್ಕಕ್ಕೇ ಇಲ್ಲ, 1 ಎಂಬಿಪಿಎಸ್‌ನಲ್ಲಿ ಏನು ನೋಡುತ್ತೀರಿ?

ಬಿಎಸ್‌ಎನ್‌ಎಲ್ ಫೈಬರ್ ತರಹ ಪಿಪಿಪಿಒಇ ಲಾಗಿನ್ ಇರುವ ಕಡೆ ಎಂಟಿಯು 1492ಕ್ಕೆ ಇಳಿಯುತ್ತದೆ. ಎಂಎಸ್‌ಎಸ್ ಕ್ಲಾಂಪ್ (ಒಂದು ಪ್ಯಾಕೆಟ್ ಒಳಗಿನ ಡೇಟಾ ಗಾತ್ರದ ಮಿತಿ) ಅನ್ನು 1452 ಮಾಡದಿದ್ದರೆ ಕೆಲವು ಸೈಟ್ ತೆರೆಯುತ್ತವೆ, ಕೆಲವು ಸುಮ್ನೆ ಸುತ್ತುತ್ತಾ ಇರುತ್ತವೆ. ಓಪಿಎನ್‌ಸೆನ್ಸ್, ವೈಓಎಸ್, ಮೈಕ್ರೋಟಿಕ್ ಮೂರರಲ್ಲೂ ಅದಕ್ಕೆ ಸೆಟ್ಟಿಂಗ್ ಇದೆ. ಕಂಪನಿ ಕೊಟ್ಟ ಓಎನ್‌ಟಿಯನ್ನು (ಫೈಬರ್ ಬಂದು ಸೇರುವ ಡಬ್ಬಿ) ಲಾಗಿನ್ ಕೆಲಸ ನಿಮ್ಮ ರೌಟರ್‌ಗೇ ಬಿಡುವ ಬ್ರಿಡ್ಜ್ ಮೋಡ್‌ಗೆ ಹಾಕಿಸಿಕೊಂಡರೆ ಒಳ್ಳೆಯದು.

ಬರೀ ಕಲಿಯುವವರು ಇದ್ಯಾವುದೂ ಬೇಡ ಅನ್ನಿ. ಲ್ಯಾಬಿನ ಅಂಚಿನ ರೌಟರ್‌ನ ಒಂದು ಕಾಲು ಮನೆಯ ವೈಫೈ ರೌಟರ್ ಕಡೆ ಇರಲಿ, ಅಲ್ಲಿಂದ ಡಿಎಚ್‌ಸಿಪಿಯಲ್ಲಿ ವಿಳಾಸ ತಗೊಳ್ಳಲಿ, ಒಳಗಿನವರಿಗೆ ನ್ಯಾಟ್ ಮಾಡಲಿ, ಅಂದರೆ ಎಲ್ಲರನ್ನೂ ತನ್ನ ಒಂದೇ ವಿಳಾಸದಿಂದ ಹೊರಗೆ ಕಳಿಸಲಿ. ಡಬಲ್ ನ್ಯಾಟ್ ಆಯಿತಲ್ಲ ಅಂತ ಚಿಂತೆ ಬೇಡ, ಲ್ಯಾಬಿಗೆ ಅದರಿಂದ ತೊಂದರೆ ಇಲ್ಲ. ಒಂದನ್ನು ಮಾತ್ರ ನೋಡಿಕೊಳ್ಳಿ: ಲ್ಯಾಬಿನಲ್ಲಿ ಡಿಎಚ್‌ಸಿಪಿ ಸರ್ವರ್ ಹಾಕಿದ ಇಂಟರ್‌ಫೇಸ್ ಮನೆಯ ನೆಟ್‌ವರ್ಕಿಗೆ ಬ್ರಿಡ್ಜ್ ಆಗಿರಬಾರದು. ಆಗಿದ್ದರೆ ಮನೆಯವರ ಫೋನು, ಟಿವಿ ಎಲ್ಲಾ ನಿಮ್ಮ ಲ್ಯಾಬಿನಿಂದ ವಿಳಾಸ ತಗೊಂಡು ಎಲ್ಲಿಗೂ ಹೋಗಲಾಗದೆ ಕೂರುತ್ತವೆ. ಡಿಎಚ್‌ಸಿಪಿ ಆನ್ ಮಾಡುವ ಮುಂಚೆ ಆ ಕಾರ್ಡ್ ಹೋಸ್ಟ್-ಓನ್ಲಿಯಲ್ಲಿ (ಮನೆಯ ನೆಟ್‌ವರ್ಕ್ ಮುಟ್ಟದ ಮೋಡ್) ಇದೆಯಾ ಅಂತ ವಿಎಂವೇರ್ ಸೆಟ್ಟಿಂಗ್ ಒಮ್ಮೆ ತೆರೆದು ನೋಡಿ.